ಗಾಳಿಪುರದ ಹದಿನಾಲ್ಕನೆಯ ಅಧ್ಯಾಯ

೧೧ ಏಪ್ರಿಲ್ ೧೯೯೯, ಭಾನುವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ವೇದಿಕೆ ಸಿಗದೆ ಕೆಳಗೆ ಕುಳಿತಿರುವ ಇನ್ನೂ ದೊಡ್ಡ ಗಣ್ಯರೇ, ಮತ್ತು ಉಪ್ಪಿಟ್ಟಿಗಾಗಿ ಮಾತ್ರ ಬಂದಿರುವ ಪ್ರಾಮಾಣಿಕ ಮಹನೀಯರೇ,

ಯಾದವಗಿರಿಯ ಈ ಮನೆಯ ವರಾಂಡದಲ್ಲಿ ತಪ್ಪದೆ ನಡೆದುಕೊಂಡು ಬಂದಿರುವ ಬೇಸಿಗೆ ಓದಿನ ಒಂಬತ್ತನೆಯ ವರ್ಷವನ್ನು ಪ್ರೇಮಲೀಲಾ ಎಂಬ ನಾನು, ಬಿ.ಎ., ಕನ್ನಡ ಮಾಧ್ಯಮ, ವಯಸ್ಸು ನಲವತ್ತೈದು, ನಡಿಗೆ ನಿಧಾನ, ನಾಲಿಗೆ ಪ್ರಧಾನ, ಈ ಡೈರಿಯ ಮೂಲಕ ಉದ್ಘಾಟಿಸಿದ್ದೇನೆ. ಚಪ್ಪಾಳೆ ಸಾಕು.

ಹೊಸಬರಿಗಾಗಿ ಕ್ರಮ ಹೇಳುತ್ತೇನೆ. ರಜೆಯಲ್ಲಿ ದಿನಾ ಮಧ್ಯಾಹ್ನ ಎರಡೂವರೆಗೆ ನಮ್ಮ ರಸ್ತೆಯ ಮಕ್ಕಳು ಬಂದು ಚಾಪೆಯ ಮೇಲೆ ಕೂರುತ್ತವೆ. ನಾನು ಒಂದು ಅಧ್ಯಾಯ ಗಟ್ಟಿಯಾಗಿ ಓದುತ್ತೇನೆ. ಒಂದೇ. ಕಾಲು ಹಿಡಿದರೂ ಎರಡನೆಯದಿಲ್ಲ. ಆಮೇಲೆ ಬೇಲದ ಹಣ್ಣಿನ ಪಾನಕ. ಅಧ್ಯಾಯಗಳಿರುವ ಪುಸ್ತಕವೇ ಆಗಬೇಕು. ಕಥೆ ಇವತ್ತೇ ಮುಗಿದರೆ ನಾಳೆ ಯಾರು ಬರುತ್ತಾರೆ? ಇದು ಮಗ ಸುಂದರೇಶನಿಗಾಗಿ ಶುರುವಾದದ್ದು. ಅವನಿಗೆ ಮೀಸೆ ಬಂತು, ಎದ್ದು ಹೋದ. ಚಾಪೆ ಉಳಿಯಿತು.

ಹೋದ ವರ್ಷ ಹನ್ನೊಂದು ಮಕ್ಕಳಿದ್ದರು. ಅವರಲ್ಲಿ ಪಟ್ಟದ ಕೇಳುಗಾರ್ತಿ ಧರಣಿ. ಹಿತ್ತಲಿನ ಔಟ್‌ಹೌಸಿನಲ್ಲಿ ಬಾಡಿಗೆಗಿರುವ ಅಶೋಕ ಮೇಷ್ಟರ ಮಗಳು, ನಾಲ್ಕು ಬೇಸಿಗೆಯಿಂದ ಒಂದು ದಿನವೂ ತಪ್ಪಿಸಿಕೊಂಡಿಲ್ಲ. ಈಗ ಏಳನೆಯದು ಮುಗಿಯಿತು. ಬರುವ ವರ್ಷ ಹೈಸ್ಕೂಲು, ಟ್ಯೂಷನ್ನು, ಚಾಪೆಯ ಮೇಲೆ ಕೂರಲು ನಾಚಿಕೆ. ಅವಳಿಗೆ ಇದೇ ಕೊನೆಯ ಬೇಸಿಗೆ ಎಂದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ.

ಇನ್ನೊಂದು ಸಮಾಚಾರ. ನಮ್ಮ ಯಜಮಾನರ ತಮ್ಮ ಮಹೇಶನಿಗೆ ಇಲ್ಲಿನ ಬ್ಯಾಂಕಿಗೆ ವರ್ಗವಾಗಿ, ಹೋದ ತಿಂಗಳಿಂದ ಮಹಡಿ ಮನೆಗೆ ಬಂದಿದ್ದಾರೆ. ಅವನ ಹೆಂಡತಿಗೆ ಮೂವತ್ತೆರಡು, ಕಾನ್ವೆಂಟು, ಕತ್ತರಿಸಿದ ಕೂದಲು. ಮಗಳು ಲಾಸ್ಯಳಿಗೆ ಒಂಬತ್ತು. ಹನ್ನೆರಡನೆಯ ಕೇಳುಗಾರ್ತಿ ತಾನಾಗಿ ಮನೆಗೇ ಬಂದಳು ಎಂದು ಸಂತೋಷಪಟ್ಟೆ.

೧೩ ಏಪ್ರಿಲ್, ಮಂಗಳವಾರ

ಲೈಬ್ರರಿಯ ಮಕ್ಕಳ ವಿಭಾಗದಲ್ಲಿ ಎರಡು ಗಂಟೆ ಧೂಳು ಕುಡಿದೆ. ಮೊದಲ ಪುಸ್ತಕದಲ್ಲಿ ಎರಡನೆಯ ಅಧ್ಯಾಯಕ್ಕೇ ತಾಯಿ ಸಾಯುತ್ತಾಳೆ. ಪಾನಕ ಯಾರು ಕುಡಿದಾರು? ಇನ್ನೊಂದರಲ್ಲಿ ಪ್ರತಿ ಅಧ್ಯಾಯದ ಕೊನೆಗೆ ದಪ್ಪಕ್ಷರದಲ್ಲಿ ನೀತಿ. ಮೂರನೆಯದು ನಾನೂರು ಪುಟ, ದಸರಾ ಹೊತ್ತಿಗೆ ಮುಗಿದೀತು. ಕೊನೆಗೆ ಐವರು ಹುಡುಗರು ಕಾಡಿನಲ್ಲಿ ನಿಧಿ ಹುಡುಕುವುದನ್ನು ತಂದೆ. ಹದಿನೆಂಟು ಅಧ್ಯಾಯ, ಹದವಾದ ಗಾತ್ರ, ಹೆಣ್ಣುಮಕ್ಕಳಿಗಿಲ್ಲ ಪಾತ್ರ.

ನನ್ನ ಈ ಪ್ರಾಸದ ಚಟ ಕಾಲೇಜಿನದು. ಬಿ.ಎ.ಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಚಂದ್ರಮತಿ ಹೇಳುತ್ತಿದ್ದಳು, ಪ್ರಾಸ ಅಂದರೆ ಬರೀ ಸಾಸಿವೆ ಕಣೆ, ಚಟಪಟ ಅನ್ನುತ್ತೆ, ಹೊಟ್ಟೆ ತುಂಬಲ್ಲ ಅಂತ. ಅವಳಿಗೆ ಎರಡು ಸಾಲು ಪ್ರಾಸ ಕಟ್ಟಲು ಬರುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಮೊದಲ ದಿನ ಹನ್ನೆರಡೂ ಹಾಜರು. ಧರಣಿ ಒಂದೇ ಪ್ರಶ್ನೆ ಕೇಳಿದಳು.

“ಪ್ರೇಮಾಂಟಿ, ಕಾಡಲ್ಲಿ ಇವರಿಗೆ ಅಡುಗೆ ಯಾರು ಮಾಡ್ತಾರೆ?”

ಪುಸ್ತಕದಲ್ಲಿ ಉತ್ತರವಿಲ್ಲ. ಇನ್ನೂ ಹದಿನೇಳು ಅಧ್ಯಾಯ ಅವರು ಉಪವಾಸ.

೧೬ ಏಪ್ರಿಲ್, ಶುಕ್ರವಾರ

ಏಳು ಮಕ್ಕಳು. ಲಾಸ್ಯ ಎರಡನೆಯ ದಿನಕ್ಕೇ ಕಾಣೆ. ಅವಳಿಗೆ ಕನ್ನಡದ ಕಥೆ ಬೋರಂತೆ, ಅದಕ್ಕೆ ಮಹಡಿಯಲ್ಲಿ ಅವಳ ತಾಯಿ ಇಂಗ್ಲಿಷ್ ಪುಸ್ತಕ ಓದಿ ಹೇಳುತ್ತಿದ್ದಾರಂತೆ. ಯಾವ ಹೊತ್ತಿನಲ್ಲಿ? ಎರಡೂವರೆಗೆ! ಇಪ್ಪತ್ತನಾಲ್ಕು ಗಂಟೆಯಲ್ಲಿ ಬೇರೆ ಹೊತ್ತೇ ಇರಲಿಲ್ಲ.

ನಮ್ಮ ನಿಧಿ ಹುಡುಕುವವರು ಹಳ್ಳ ದಾಟುವಾಗ ಮೇಲಿನಿಂದ ನಗು ಕೇಳಿಸಿತು. ಇಲ್ಲಿ ಕೂತಿದ್ದ ಏಳು ಮುಖಗಳೂ ಸೂರಿಗೆ ತಿರುಗಿದವು. ನಾನು ದನಿ ಏರಿಸಿದೆ. ಹಳ್ಳದಲ್ಲಿ ನೆರೆ ಬಂತು. ಪುಸ್ತಕದಲ್ಲಿರಲಿಲ್ಲ, ನಾನೇ ತರಿಸಿದೆ.

೧೯ ಏಪ್ರಿಲ್, ಸೋಮವಾರ

ಮೂರು. ಅದರಲ್ಲಿ ಒಂದು ನಿದ್ದೆ.

೨೦ ಏಪ್ರಿಲ್, ಮಂಗಳವಾರ

ಎರಡೂವರೆ, ಚಾಪೆ ಖಾಲಿ. ಮಹಡಿ ಮೆಟ್ಟಿಲ ಬುಡದಲ್ಲಿ ಒಣಗಿದ ಬಟ್ಟೆ ಮಡಿಸುವ ಕೆಲಸವಿತ್ತು. ಒಂದು ಟವೆಲನ್ನು ಎಂಟು ಸಲ ಮಡಿಸಿದೆ. ಕಥೆ ಒಂದು ನರಿಯದು, ಹಡಗು ಹತ್ತಿ ಕದ್ದು ಪ್ರಯಾಣ ಮಾಡುತ್ತದೆ. ನನಗೆ ಅರ್ಧ ತಿಳಿಯಿತು. ಮಕ್ಕಳಿಗೆ ಕಾಲು ತಿಳಿದಿರಬಹುದು, ಆದರೂ ನಗುತ್ತಿದ್ದವು. ಆಕೆ ನರಿಗೊಂದು ದನಿ, ಕ್ಯಾಪ್ಟನ್ನನಿಗೊಂದು ದನಿ ಮಾಡುತ್ತಾರೆ. ಪುಟಕ್ಕೊಂದು ಬಣ್ಣದ ಚಿತ್ರ ತೋರಿಸುತ್ತಾರೆ. ಚಿತ್ರ ತೋರಿಸಿದರೆ ಯಾರು ಬೇಕಾದರೂ ನಗಿಸಬಹುದು.

ಬಾಗಿಲಲ್ಲಿ ಹತ್ತು ಜೊತೆ ಚಪ್ಪಲಿ. ನೀಲಿ ಪಟ್ಟಿಯ ಹವಾಯಿ ಧರಣಿಯದು.

ಆಮೇಲೆ ಅವಳೇ ಪಾನಕ ಕುಡಿಯಲು ಬಂದಳು. ಅವಳೇ ಹೇಳಿದಳು, “ಇವತ್ತೊಂದಿನ ನೋಡ್ಕೊಂಡ್ ಬರೋಣ ಅಂತ ಹೋಗ್ಬುಟ್ಟೆ ಆಂಟಿ. ನಾಳೆ ಬರ್ತೀನಿ.” ನೋಡಿಕೊಂಡು ಬರಲು ಅದೇನು ಎಕ್ಸಿಬಿಷನ್ನೇ? ಲೋಟ ತುಂಬಾ ಕೊಟ್ಟೆ, ಬೆಲ್ಲ ಮಾತ್ರ ಸ್ವಲ್ಪ ಕಡಿಮೆ ಹಾಕಿದ್ದೆ.

ಊಟಕ್ಕೆ ಬಂದ ಇವರ ಹತ್ತಿರ ಹೇಳಿಕೊಂಡರೆ, “ಬುಡು ಪ್ರೇಮ, ಮಹಡೀಲಿ ಗಾಳಿ ಜಾಸ್ತಿ, ಮಕ್ಳು ಅಲ್ಲಿ ಕೂತ್ಕೊಂಡವೆ” ಎಂದು ಮಜ್ಜಿಗೆ ಕಲಸಿಕೊಂಡರು. ಸಂತೇಪೇಟೆಯಲ್ಲಿ ಹಗ್ಗ, ಗೋಣಿಚೀಲ ಮಾರುವ ಶಿವರುದ್ರಪ್ಪನವರಿಗೆ ಎಲ್ಲವೂ ಗಾಳಿಯೇ.

೨೨ ಏಪ್ರಿಲ್, ಗುರುವಾರ

ಟ್ರಂಕಿನಿಂದ ಬ್ರಹ್ಮಾಸ್ತ್ರ ತೆಗೆದೆ.

‘ಗಾಳಿಪುರದ ಗಡಿಯಾರ’. ಅಂಗಡಿಯಲ್ಲಿ ಸಿಗುವ ಪುಸ್ತಕವಲ್ಲ. ಎಪ್ಪತ್ತೆಂಟರಲ್ಲಿ ಒಂದು ವಾರಪತ್ರಿಕೆಯಲ್ಲಿ ಬಂದ ಮಕ್ಕಳ ಧಾರಾವಾಹಿ. ಆಗೆಲ್ಲ ಮನೆಮನೆಯಲ್ಲೂ ಹಾಗೇ: ವಾರವಾರವೂ ಹಾಳೆ ಕತ್ತರಿಸಿ ಇಡುವುದು, ಮುಗಿದ ಮೇಲೆ ಹೊಲಿಯುವುದು. ನಾನು ಅರ್ಧ ತವರಿನಲ್ಲಿ, ಅರ್ಧ ಇಲ್ಲಿಗೆ ಬಂದ ಮೇಲೆ ಕೂಡಿಟ್ಟು, ಇವರ ಅಂಗಡಿಯ ದಬ್ಬಣದಲ್ಲಿ ಗೋಣಿಯ ಹುರಿ ಹಾಕಿ ಹೊಲಿದದ್ದು. ಪುಟದ ಹಿಂಬದಿಯಲ್ಲಿ ಕೇಶತೈಲದ ಜಾಹೀರಾತು, ಅರ್ಧ ಪದಬಂಧ. ಇಪ್ಪತ್ತಾರು ಅಧ್ಯಾಯ, ಒಂದೂ ಕಡಿಮೆಯಿಲ್ಲ. ಬರೆದವರ ಹೆಸರು ಮಾತ್ರ ಕತ್ತರಿಗೆ ಹೋಗಿದೆ.

ಅಂದ ಹಾಗೆ, ನನ್ನ ಮೂರು ಶಿಶುಗೀತೆಗಳನ್ನು ‘ವಿಷಾದಪೂರ್ವಕವಾಗಿ’ ಹಿಂದಿರುಗಿಸಿದ್ದೂ ಅದೇ ಪತ್ರಿಕೆಯೇ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದನ್ನು ಮೂರು ವರ್ಷಕ್ಕೊಮ್ಮೆ ಮಾತ್ರ ತೆಗೆಯುವುದು. ಧರಣಿ ಮೊದಲ ಬೇಸಿಗೆಯಲ್ಲಿ ಕೇಳಿದ್ದಾಳೆ. ಕಟ್ಟನ್ನು ಕಂಡವಳೇ ಮಿಕ್ಕವರಿಗೆ ಹೇಳಿದಳು, “ಗಾಳಿಪುರ ಕಣ್ರೋ! ಗಡಿಯಾರದ ಗೋಪುರ ನಿಂತೋಗ್ತದೆ, ನೀಲಿ ಅಂತ ಹುಡುಗಿ ಒಳಗೆ ಹೋಗ್ತಾಳೆ. ಮಧ್ಯದಲ್ಲಿ ಸೊಪ್ಪಿನಜ್ಜಿ ಬರ್ತಾಳೆ ನೋಡಿ, ಸೂಪರ್ ಅವಳು.”

ಸೊಪ್ಪಿನಜ್ಜಿ ಬರುವುದು ಹದಿನಾಲ್ಕರಲ್ಲಿ. ಇವತ್ತು ಒಂದನೆಯದು. ಐದು ಮಕ್ಕಳು.

೨೭ ಏಪ್ರಿಲ್, ಮಂಗಳವಾರ

ಒಂಬತ್ತು! ಗಡಿಯಾರ ನಿಂತಿತು, ಗಾಳಿ ತಿರುಗಿತು. ಲಾಸ್ಯ ಕೂಡ ಬಂದು ಧರಣಿಯ ಪಕ್ಕ ಒತ್ತಿಕೊಂಡು ಕೂತಳು. ಅರ್ಥವಾಗದ ಪದಕ್ಕೆಲ್ಲ ಧರಣಿಯ ಮೊಣಕೈ ತಿವಿಯುತ್ತಾಳೆ.

ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಮಹಡಿಯಿಂದ ಅವಳ ತಾಯಿ ಹೇಮಶ್ರೀಯವರೇ ಇಳಿದು ಬಂದರು, ಮೊರದ ತುಂಬ ಮಾವಿನಕಾಯಿ, ಈಳಿಗೆಮಣೆ. “ಮೇಲೆ ಒಬ್ಬಳಿಗೇ ಬೇಜಾರು ಅಕ್ಕ. ಉಪ್ಪಿನಕಾಯಿಗೆ ಹೆಚ್ಚಿಕೊಂಡು ಇಲ್ಲೇ ಕೂತ್ಕೊಳ್ಳಲಾ?” ಬೇಡ ಎನ್ನಲು ಕಾರಣ ಸಿಗಲಿಲ್ಲ. ಅಧ್ಯಾಯದ ಅರ್ಧದಲ್ಲಿ ಈಳಿಗೆಯ ಸದ್ದು ನಿಂತಿತು.

“ಅಕ್ಕ, ಇದು ನಾನು ಓದಿದೀನಿ! ತುಮಕೂರಲ್ಲಿ, ನಾನು ಐದನೇ ಕ್ಲಾಸು. ವಾರಾ ಪೇಪರ್ ಬರೋ ದಿನ ನಾನೂ ನಮ್ಮಣ್ಣನೂ ಗೇಟ್ ಹತ್ರಾನೇ ಕಿತ್ತಾಡ್ತಿದ್ವಿ.”

ಮಕ್ಕಳೆಲ್ಲ ಅವರ ಕಡೆ ತಿರುಗಿದರು. ಮುಂದೇನು, ಮುಂದೇನು ಎಂದು ಒಂದೇ ಗಲಾಟೆ. ಆಕೆ ಬಾಯಿಯ ಮೇಲೆ ಬೆರಳಿಟ್ಟು, ಹೇಳಲ್ಲಪ್ಪ, ದೊಡ್ಡಮ್ಮ ಓದ್ತಾರೆ ಎಂದರು.

ಕನ್ನಡ ಓದಲು ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಕೊನೆಗೆ ಅದೂ ಇದೆ ಅವರಿಗೆ.

೧ ಮೇ, ಶನಿವಾರ

ಬೆಳಿಗ್ಗೆ ಧರಣಿ ಅಂಗಳದಲ್ಲಿ ಲಾಸ್ಯಳಿಗೆ ಕುಂಟೆಬಿಲ್ಲೆ ಕಲಿಸುತ್ತಿದ್ದಳು. ಕುಂಟುವ ತಾಳಕ್ಕೆ ಸೊಪ್ಪಿನಜ್ಜಿ ಗಡಿಯಾರವನ್ನು ಬೈಯುವ ಹಾಡು:

ಮುಳ್ಳು ಎರಡು, ಮೋರೆ ಒಂದು,
ಮುನಿಸು ಯಾಕೋ ನಿನಗೆ ಇಂದು?
ನೀನು ನಿಂತರೆ ನಿಂತೀತೆ ಹೊತ್ತು?
ಸೊಪ್ಪಿನ ಕಂತೆಗೆ ಬಾಡೋದು ಗೊತ್ತು!

ಮೂರು ವರ್ಷದ ಹಿಂದೆ ಒಂದೇ ಸಲ ಕೇಳಿದ್ದು, ಒಂದಕ್ಷರ ತಪ್ಪಿಲ್ಲ. ಲಾಸ್ಯ ಹಿಂದೆಯೇ ಹೇಳುತ್ತಾ ಕುಂಟುತ್ತಿದ್ದಳು. ನಾನು ಒಲೆಯ ಮೇಲಿನ ಸಾರು ಮರೆತು ಕಿಟಕಿಯಲ್ಲೇ ನಿಂತೆ.

ಹೇಮಶ್ರೀಯೂ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದಳು. ಆಮೇಲೆ ಅಡುಗೆಮನೆಗೆ ಬಂದು, “ಎಷ್ಟು ಚೆನ್ನಾಗಿದೆ ಅಕ್ಕ. ನನಗೆ ಸೊಪ್ಪಿನಜ್ಜಿ ನೆನಪೇ ಇಲ್ಲವಲ್ಲ” ಎಂದಳು.

ಚಿಕ್ಕ ವಯಸ್ಸು, ಮರೆತಿರುತ್ತದೆ ಎಂದೆ.

“ಹಾಡೂ ಇತ್ತಾ ಅದರಲ್ಲಿ?”

ಸಾರು ಉಕ್ಕಿತು. ಅದಕ್ಕೆ ನಾನು ಋಣಿ.

೩ ಮೇ, ಸೋಮವಾರ

ಹನ್ನೆರಡನೆಯ ಅಧ್ಯಾಯ ಓದುವಾಗ ಹುರಿ ಕಿತ್ತು ಹಾಳೆಗಳು ಚಾಪೆಯ ತುಂಬ ಹರಡಿದವು. ಇಪ್ಪತ್ತು ವರ್ಷದ ಗೋಣಿ ಹುರಿ, ಇನ್ನೆಷ್ಟು ದಿನ ತಡೆದೀತು. ನಾನು ಬಗ್ಗುವ ಮೊದಲೇ ಹೇಮಶ್ರೀ ಎಲ್ಲವನ್ನೂ ಬಾಚಿಕೊಂಡಳು. ಬೇಡ ಬೇಡ, ನಾನೇ ಜೋಡಿಸುತ್ತೇನೆ ಎಂದೆ. “ನಿಮ್ಮ ಬೆನ್ನುನೋವಲ್ಲಿ ಯಾಕೆ ಅಕ್ಕ” ಎಂದು ದಬ್ಬಣ ಇಸಿದುಕೊಂಡು ಮೇಲೆ ಹೋಗಿಬಿಟ್ಟಳು. ನಾನು ಕೆಳಗೆ ಒಂದು ಗಂಟೆ ಕೂತೆ, ನಿಂತೆ, ತುಳಸಿಗೆ ಎರಡು ಸಲ ನೀರು ಹಾಕಿದೆ.

ಸಂಜೆ ತಂದುಕೊಟ್ಟಳು. ಅಂಚು ಸಮ, ಹೊಲಿಗೆ ನೇರ, ಮೇಲೆ ಖಾಕಿ ರಟ್ಟು. ನಾನು ಮಾಡಿದ್ದಕ್ಕಿಂತ ಎಷ್ಟೋ ವಾಸಿ. ಇವಳು ಏನು ಮಾಡಿದರೂ ಹಾಗೇ.

“ಎಲ್ಲಾ ಎಣಿಸಿ, ನಂಬರ್ ನೋಡಿ ಹೊಲಿದಿದೀನಿ ಅಕ್ಕ.”

ಎಣಿಸಿದಳಂತೆ. ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ. ಮಾವಿನಕಾಯಿ ಉಪ್ಪಿನಕಾಯಿ ಒಂದು ಬಟ್ಟಲು ಇಟ್ಟು ಹೋದಳು. ಅದೂ ಚೆನ್ನಾಗಿತ್ತು.

೫ ಮೇ, ಬುಧವಾರ

ಹದಿನಾಲ್ಕು. ತಲೆನೋವು ಎಂದು ಹೇಳಿಬಿಡೋಣವೆಂದುಕೊಂಡೆ. ಆದರೆ ಎರಡೂಕಾಲಿಗೇ ಹನ್ನೆರಡು ಮಕ್ಕಳು, ಜೊತೆಗೆ ಪಕ್ಕದ ಮನೆಯವರ ನೆಂಟರ ಮಕ್ಕಳಿಬ್ಬರು. ಹದಿನಾಲ್ಕನೆಯ ಅಧ್ಯಾಯಕ್ಕೆ ಹದಿನಾಲ್ಕು ಜನ.

ಈ ಅಧ್ಯಾಯ ನನಗೆ ಬಾಯಿಗೇ ಬರುವುದರಿಂದ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡೆ. ಪ್ರತಿ ಸಲವೂ ಹಾಗೇ ಮಾಡುವುದು. ಮಾರುಕಟ್ಟೆಯಿಂದ ಉಳಿದ ಸೊಪ್ಪು ಹೊತ್ತ ಅಜ್ಜಿ ಬಂದಳು, ನಿಂತ ಗಡಿಯಾರದ ಕೆಳಗೆ ಬುಟ್ಟಿ ಇಳಿಸಿದಳು, ಸೊಂಟದ ಮೇಲೆ ಕೈಯಿಟ್ಟು ಬೈದಳು. ಗಡಿಯಾರಕ್ಕೆ ನಾಚಿಕೆಯಾಗಿ ಒಂದೇ ಒಂದು ನಿಮಿಷ ನಡೆಯಿತು. ಆ ನಿಮಿಷದಲ್ಲಿ ಒಳಗಿದ್ದ ನೀಲಿಗೆ ಯಾವ ಚಕ್ರದ ಹಲ್ಲು ಸವೆದಿದೆ ಎಂದು ಕಂಡಿತು. ಮಕ್ಕಳೆಲ್ಲ ಸೇರಿ ಹಾಡು ಹೇಳಿದವು. ಲಾಸ್ಯ ಎದ್ದು ಸೊಂಟದ ಮೇಲೆ ಕೈಯಿಟ್ಟು ಅಜ್ಜಿಯೇ ಆದಳು.

ಹೇಮ ಮೂಲೆಯಲ್ಲಿ ಮಂಡಿ ಕಟ್ಟಿಕೊಂಡು ಕೂತಿದ್ದಳು. ಈಳಿಗೆ ಇರಲಿಲ್ಲ, ಮೊರ ಇರಲಿಲ್ಲ. ಬರೀ ಕೇಳುತ್ತಿದ್ದಳು. ಮುಗಿದ ಮೇಲೆ, “ಅಕ್ಕ, ಅಜ್ಜಿ ಮತ್ತೆ ಬರ್ತಾಳಾ ಮುಂದೆ?” ಎಂದಳು.

ಇಲ್ಲ ಎಂದೆ.

“ಅದೇ ನಂಗೂ ಬೇಜಾರು,” ಎಂದಳು ಧರಣಿ. “ಅಷ್ಟು ಒಳ್ಳೆ ಅಜ್ಜೀನ ಬರೆದ್ಬುಟ್ಟು, ಹದಿನೈದರಲ್ಲಿ ಅವಳ ಹೆಸರೇ ಎತ್ತಲ್ಲ. ಬರೆದವ್ರಿಗೆ ಮರೆತೋಯ್ತಾ ಆಂಟಿ?”

ಬರೆದವರನ್ನೇ ಕೇಳು ಎಂದು ಪಾನಕ ತರಲು ಎದ್ದೆ.

೧೨ ಮೇ, ಬುಧವಾರ

ಲಾಸ್ಯಳಿಗೆ ರಜೆಯ ಹೋಮ್‌ವರ್ಕು: ನಿನಗೆ ಇಷ್ಟವಾದ ಪುಸ್ತಕದ ಬಗ್ಗೆ ಒಂದು ಪುಟ, ಕನ್ನಡದಲ್ಲಿ. ನರಿಯ ಬಗ್ಗೆ ಬರೆಯುತ್ತಾಳೆ ಎಂದುಕೊಂಡಿದ್ದೆ. ಗಾಳಿಪುರದ ಬಗ್ಗೆ ಬರೆದಿದ್ದಾಳೆ. ಇಷ್ಟವಾದ ಪಾತ್ರ: ಸೊಪ್ಪಿನಜ್ಜಿ. ಬುಟ್ಟಿಯ ಸಮೇತ ಚಿತ್ರ. ‘ಬರೆದವರು’ ಎಂಬುದರ ಮುಂದೆ ಖಾಲಿ.

“ಯಾರು ಬರೆದಿದ್ದು ದೊಡ್ಡಮ್ಮ?”

ಹಾಳೆಯಲ್ಲಿ ಹೆಸರಿಲ್ಲವಲ್ಲ ಮರಿ ಎಂದೆ. “ಆದ್ರೆ ಅಜ್ಜೀನ ಬರೆದಿರೋರು ತುಂಬಾ ಒಳ್ಳೆಯವರಿರಬೇಕು ಅಲ್ವಾ?” ಎಂದಳು. ಇಪ್ಪತ್ತೊಂದು ವರ್ಷ ಆ ಬರೆದವರು ನನ್ನ ಅಜ್ಜಿಯ

ಇಂಕು ಮುಗಿಯಿತು. ಬೇರೆ ಪೆನ್ನು. ಅಜ್ಜಿಯ ವಿಷಯ ಬಿಡಿ.

ಹೇಮ ಹೇಳಿದಳು, ಯಾರೋ ಹೆಂಗಸರು ಬರೀತಿದ್ರು ಅಂತ ನೆನಪು, ಅಮ್ಮನಿಗೆ ಕಾಗದ ಹಾಕಿದೀನಿ, ಅಟ್ಟದಲ್ಲಿ ಹಳೇ ಸಂಚಿಕೆ ಇರಬೇಕು, ಹೆಸರು ಸಿಗುತ್ತೆ ಎಂದು.

೧೪ ಮೇ, ಶುಕ್ರವಾರ

ಟಪಾಲಿನಲ್ಲಿ ವಿಶೇಷವೇನೂ ಇಲ್ಲ.

ಇಪ್ಪತ್ತಮೂರನೆಯ ಅಧ್ಯಾಯ. ಚೆನ್ನಾಗಿ ಓದಲಿಲ್ಲ.

ತುಮಕೂರಿನಿಂದ ಏನಾದರೂ ಬಂತಾ ಅಕ್ಕ ಎಂದು ಹೇಮ ಕೇಳಿದಳು. ಇಲ್ಲ ಎಂದೆ.

೧೫ ಮೇ, ಶನಿವಾರ

ಅಧ್ಯಕ್ಷರೇ, ಎದ್ದು ಹೋಗಿ. ಗಣ್ಯರೂ ಹೋಗಿ. ಉಪ್ಪಿಟ್ಟು ಖಾಲಿಯಾಗಿದೆ.

ನಿನ್ನೆ ಟಪಾಲು ಬಂದಿತ್ತು. ಬುಕ್ ಪೋಸ್ಟು, ಎರಡೂ ತುದಿ ತೆರೆದದ್ದು, ಹೇಮಳ ಹೆಸರಿಗೆ. ಒಳಗೆ ಎಪ್ಪತ್ತೆಂಟರ ಆ ಸಂಚಿಕೆ, ಮಧ್ಯದಲ್ಲಿ ಅವಳ ಅಮ್ಮನ ಒಂದು ಚೀಟಿ. “ಹೇಮಾ, ನೀನು ಕೇಳಿದ್ದು ಸಿಕ್ಕಿತು. ನಿಮ್ಮ ಅಕ್ಕನವರ ಪುಸ್ತಕದಲ್ಲಿ ಒಂದು ವಾರದ್ದು ಇಲ್ಲ, ಪಾಪ ಎಷ್ಟು ವರ್ಷದಿಂದ ಹುಡುಕುತ್ತಿದ್ದಾರೋ ಎಂದು ನೀನು ಬರೆದಿದ್ದೆಯಲ್ಲ. ಅವರಿಗೆ ಗೊತ್ತಾಗದ ಹಾಗೆ ಸೇರಿಸಿ ಹೊಲಿದುಬಿಡು. ಕಂಡಾಗ ಸಂತೋಷಪಡುತ್ತಾರೆ.”

ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ.

ಅದಕ್ಕೆ ಮೊದಲು ಒಲೆಯ ಮುಂದೆ ನಿಂತೇ ಓದಿದೆ. ಅಸಲು ಹದಿನಾಲ್ಕರಲ್ಲಿ ಅಜ್ಜಿಯಿಲ್ಲ. ಗಡಿಯಾರ ನೋಡಿಕೊಳ್ಳುವ ಅಪ್ಪನ ಕೆಲಸ ಹೋಗಿದೆ. ನೀಲಿ ಗೋಪುರದ ಮೆಟ್ಟಿಲ ಮೇಲೆ ಅಪ್ಪನ ಕೋಟು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾಳೆ. ಅಧ್ಯಾಯ ಪೂರ್ತಿ ಒಂದು ಮಾತೂ ಆಡುವುದಿಲ್ಲ. ಒಂದು ಪ್ರಾಸವೂ ಇಲ್ಲ. ನಾನು ಓದುತ್ತಿದ್ದಂತೆ ಹಾಲು ಉಕ್ಕಿ ಒಲೆ ಆರಿತು. ಚೆನ್ನಾಗಿದೆ. ಎಪ್ಪತ್ತೆಂಟರಲ್ಲೂ ಚೆನ್ನಾಗಿಯೇ ಇತ್ತು, ಪ್ರತಿ ವಾರವೂ.

ಇಲ್ಲಿ ಯಾರೂ ಇಲ್ಲ, ಯಾವತ್ತೂ ಇರಲಿಲ್ಲ, ಬರೆದೇಬಿಡುತ್ತೇನೆ. ಹೆಸರು ಕತ್ತರಿಗೆ ಹೋಗಲಿಲ್ಲ. ಇಪ್ಪತ್ತೈದು ವಾರವೂ ಪುಟದ ತಲೆಯ ಮೇಲಿದ್ದ ಆ ಹೆಸರನ್ನು ನೇರಕ್ಕೆ ಗೆರೆ ಎಳೆದು ಕತ್ತರಿಸಿ ಒಲೆಗೆ ಹಾಕಿದವಳು ನಾನು. ಕಥೆ ಬೇಕಿತ್ತು, ಬರೆದವಳು ಬೇಕಿರಲಿಲ್ಲ. ಹದಿನಾಲ್ಕನೆಯ ವಾರ ನನ್ನ ಮದುವೆ. ಅವಳು, ಬಿ.ಎ.ಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಬಂದಿದ್ದಳು. ಆ ವಾರದ ಸಂಚಿಕೆಯನ್ನು ಕೈಗಿಟ್ಟು, ನೀನು ಮೊದಲು ಓದಬೇಕು ಕಣೆ ಅಂದಳು. ಛತ್ರದಲ್ಲಿ ಕುರ್ಚಿಯ ಕೆಳಗೆ ಬಿಟ್ಟುಬಂದೆ. ಮರೆತು ಅಲ್ಲ. ಆಮೇಲೆ ಎಷ್ಟೋ ವರ್ಷ ಎಲ್ಲ ಪತ್ರಿಕೆಗಳಲ್ಲೂ ಅವಳ ಹೆಸರು ಹುಡುಕಿದೆ. ಎಲ್ಲೂ ಇಲ್ಲ ಎಂದು ಪ್ರತಿ ಸಲವೂ ನೆಮ್ಮದಿಯಿಂದ ಕಾಫಿ ಕುಡಿದೆ. ಯಾಕೆ ನಿಲ್ಲಿಸಿದಳು ಎಂದು ಒಂದು ಕಾರ್ಡು ಹಾಕಲಿಲ್ಲ.

ಎರಡೂಕಾಲು. ಮೆಟ್ಟಿಲ ಮೇಲೆ ಹೇಮಳ ಚಪ್ಪಲಿ, ಲಾಸ್ಯಳ ಓಟ. ಸಂಚಿಕೆಯನ್ನು ಡಬ್ಬದಿಂದ ತೆಗೆದು ಅಕ್ಕಿ ಒದರಿ ಮೇಜಿನ ಮೇಲಿಟ್ಟಿದ್ದೇನೆ. ದಬ್ಬಣವೂ ಪಕ್ಕದಲ್ಲಿದೆ.

ಲಾಸ್ಯ, ಪೆನ್ಸಿಲ್ ತೆಗೆದುಕೋ. ಬರೆದವರು: ಚಂದ್ರಮತಿ.

ಅಜ್ಜಿಯೊಬ್ಬಳನ್ನು ಬಿಟ್ಟು. ಅಜ್ಜಿ ನನ್ನವಳು.